ಹಿಮಗಾಡಿಗೆ ಅಗಲ ಸ್ಕೀ

ಅತ್ತೆ,

ಹಿಮಸಾರಂಗಗಳ ಹಿಂಡಿನ ಕಡೆ ಹೊರಟಿದ್ದೇನೆ. ಸೌದೆ ಒಳಗಿಟ್ಟಿದ್ದೇನೆ, ನೀವು ಹೊರಗೆ ಹೋಗಬೇಡಿ.

ನಿಲ್ಲಾಸನ ಮೋಟಾರು ಹಿಮಗಾಡಿಯ ಮುಂದಿನ ಕಿರಿದಾದ ಜಾರುಪಟ್ಟಿ ತೆಗೆಸಿ ಅಗಲವಾದ ಸ್ಕೀ ಹಾಕಿಸಿದೆ. ಹೊಸ ಹಿಮದಲ್ಲಿ ಹೂತುಹೋಗದೆ ತೇಲುತ್ತದೆ, ತಿರುಗಿಸಿದತ್ತ ತಿರುಗುತ್ತದೆ. ನಿದ್ದೆಯಲ್ಲಿ ಸಾಗಿದ ಹಾಗೆ. ಹಾಕಿಕೊಟ್ಟ ಮೈದುನ ಓವ್ಲಾ, “ಅತ್ಗೇ, ಇದು ಗಾಡಿಯಲ್ಲ, ದೋಣಿ! ಹುಟ್ಟು ಹಾಕೋಕೆ ಕಲ್ತ್ಕೋ” ಅಂದ.

ನಿಲ್ಲಾಸನನ್ನು ಮಣ್ಣು ಮಾಡಿದ ಮೇಲೂ, ಅಂಗಳದಲ್ಲಿ ಅವನ ಗಾಡಿಯ ಆ ಕಿರಿದಾದ ಗೆರೆ ಕಂಡರೆ ನೀವು “ಬಂದ್ಯೇನೋ ಮಗನೇ?” ಎಂದು ಬಾಗಿಲು ತೆರೆಯುತ್ತೀರಿ. ನಾನು ಹೆಲ್ಮೆಟ್ ತೆಗೆಯಲಾರದೆ ನಿಲ್ಲುತ್ತೇನೆ. ಇನ್ನು ಅಗಲವಾದ ಗೆರೆ ಕಂಡರೆ ಅದು ನಾನು, ಅತ್ತೆ.

ಹಳೆಯ ಸ್ಕೀ ಬಿಚ್ಚುವ ಮೊದಲು ದಿಬ್ಬದವರೆಗೆ ಒಮ್ಮೆ ಓಡಿಸಿದೆ. ಆ ಗೆರೆ ನಿಮ್ಮ ಕಿಟಕಿಯಿಂದ ಕಾಣುತ್ತದೆ. ಮತ್ತೆ ಹಿಮ ಬೀಳುವವರೆಗೂ ನೋಡುತ್ತಿರಿ.

ರಿಸ್ತೆನ್