ಮನೆ ಜೇಬು, ಮಿಲ್ಲಿನ ಜೇಬು

ಮಾನ್ಯ ತೆರಿಗೆ ಅಧಿಕಾರಿಗಳೇ,

ನಿಮ್ಮ ಕಚೇರಿಯ ಎರಡನೇ ಮಹಡಿಯ ಕೌಂಟರಿನ ಗಾಜನ್ನು ಮೊಣಕೈಯಿಂದ ಒಡೆದವನು ನಾನೇ. ಕ್ಯಾಮೆರಾ ನೋಡಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡಿ. ಗಾಜಿನ ವಿಚಾರಕ್ಕೆ ಕೊನೆಗೆ ಬರುತ್ತೇನೆ, ಮೊದಲು ನೀವು ಒಡೆದದ್ದರ ಬಗ್ಗೆ ಮಾತಾಡೋಣ. ನಾನು ಮತ್ತು ನನ್ನ ಭಾವ ಸ್ವಂತ ದುಡ್ಡಿನಿಂದ ಕಟ್ಟಿದ ಆರೋಗ್ಯ ವಿಮೆಯ ಕಂತನ್ನು ಆದಾಯದಿಂದ ಕಳೆಯಲು ಬರುವುದಿಲ್ಲ ಎಂದು ನೀವು ಬರೆದು ಕಳಿಸಿದ್ದೀರಿ. ಕಾರಣವೇನು? ನಾವು ಅದನ್ನು ಸ್ವಂತ ದುಡ್ಡಿನಿಂದ ಕಟ್ಟಿದ್ದೇವೆ ಎಂಬುದೇ ಕಾರಣ! ನೌಕರನಿಗೆ ಮಾಲೀಕ ಕಟ್ಟಿದರೆ ವಿನಾಯಿತಿ ಉಂಟು. ಒಬ್ಬನೇ ಅಂಗಡಿ ನಡೆಸುವವನು ತಾನೇ ಕಟ್ಟಿಕೊಂಡರೂ ಉಂಟು. ಇಬ್ಬರು ಸೇರಿ ದುಡಿದರೆ ಮಾತ್ರ ಇಲ್ಲ. ಪಾಲುದಾರನಿಗೆ ರೋಗ ಬರುವುದಿಲ್ಲವೆಂದು ನಿಮಗೆ ಯಾವ ವೈದ್ಯರು ಹೇಳಿದರು?

ನಮ್ಮದು ಮರ ಕೊಯ್ಯುವ ಸಣ್ಣ ಮಿಲ್ಲು. ನಾನು ಶಾಲೆ ಬಿಟ್ಟವನು. ಬೆಂಚಿನ ಮೇಲೆ ಕೂತರೆ ಮೈಯೆಲ್ಲ ಇರುವೆ ಹತ್ತಿದ ಹಾಗೆ ಆಗುತ್ತಿತ್ತು. ಅಕ್ಕನ ಗಂಡ ಬಂದು, "ಕೂರೋಕಾಗದೇ ಇರೋನಿಗೆ ನಿಂತು ಮಾಡೋ ಕೆಲಸ ಇದೆ, ಬಾರೋ" ಎಂದು ಕರೆದುಕೊಂಡು ಹೋದ. ಮೊದಲ ದಿನವೇ ಎದೆಯ ಮೇಲೆ ಎರಡು ಜೇಬಿರುವ ಅಂಗಿ ಕೊಟ್ಟು ಹೇಳಿದ: "ಎಡಗಡೆದು ಮಿಲ್ಲು, ಬಲಗಡೆದು ಮನೆ. ಒಂದರ ದುಡ್ಡು ಇನ್ನೊಂದಕ್ಕೆ ಹೋದ್ರೆ ಕೈ ಕತ್ತರಿಸ್ತೀನಿ, ನೋಡು." ಆಮೇಲೆ ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಂಡ, ಜೇಬಿನ ಕಾನೂನು ಮಾತ್ರ ಬದಲಾಗಲಿಲ್ಲ. ಗರಗಸಕ್ಕೆ ಸಾಣೆ ಹಿಡಿಸಿದರೆ ಎಡ ಜೇಬು, ನಮ್ಮ ಚಹಾಕ್ಕೆ ಬಲ ಜೇಬು. ವಿಮೆಯ ಏಜೆಂಟ್ ಬಂದು, "ಮಿಲ್ಲಿನ ಖಾತೆಯಿಂದಲೇ ಕಟ್ಟಿಬಿಡಿ ಸಾರ್" ಎಂದಾಗ ಭಾವ ನಕ್ಕುಬಿಟ್ಟ. "ನನ್ನ ಹೊಟ್ಟೆನೋವಿಗೆ ಮಿಲ್ಲು ಯಾಕಪ್ಪಾ ಕಟ್ಬೇಕು? ಅದಕ್ಕೇನು ಹೊಟ್ಟೆ ಇದ್ಯಾ?" ಎಂದು ಬಲ ಜೇಬಿನಿಂದ ಕಟ್ಟಿದ. ನಾನೂ ಹಾಗೆಯೇ ಕಟ್ಟಿದೆ. ನಿಮ್ಮ ಕಡತದಲ್ಲಿ ನಮ್ಮ ಅಪರಾಧ ಇಷ್ಟೇ.

ಹೊಟ್ಟೆ ನೋಯಲಿಲ್ಲ, ಕೈ ಹೋಯಿತು. ಯಾರೋ ಯಾವಾಗಲೋ ಹೊಡೆದ ಮೊಳೆಯೊಂದನ್ನು ಮರ ಒಳಗೆ ನುಂಗಿಕೊಂಡು ಬೆಳೆದಿತ್ತು. ಓಡುತ್ತಿದ್ದ ಗರಗಸದ ಹಲ್ಲು ಅದಕ್ಕೆ ಬಡಿಯಿತು. ದಿಮ್ಮಿ ಒದ್ದ ಹಾಗೆ ಎಗರಿ, ಅದನ್ನು ಒತ್ತಿ ಹಿಡಿದಿದ್ದ ಭಾವನ ಬಲಗೈಯನ್ನು ಗರಗಸದ ಬಾಯಿಗೆ ಎಳೆದುಹಾಕಿತು. ನಾಲ್ಕು ಬೆರಳು. ಮೂಳೆ ಕೊಯ್ದಾಗ ಗರಗಸದ ಸದ್ದು ಸ್ವಲ್ಪವೂ ಬದಲಾಗಲಿಲ್ಲ ಎಂಬುದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಗೋಡೆಗೆ, ಬಲ್ಬಿಗೆ, ನನ್ನ ಬಾಯಿಗೆ ರಕ್ತ ಚಿಮ್ಮಿತು. ಭಾವ ಮೊದಲು ಆಡಿದ ಮಾತು, "ಮೋಟರ್ ಆರಿಸೋ, ಮಂಕೇ!" ಮಿಲ್ಲಿನ ಹಿಂದಿರುವ ಮನೆಯಿಂದ ಓಡಿಬಂದ ಅಕ್ಕ ತನ್ನ ಸೆರಗನ್ನೇ ಹರಿದು ಅವನ ಕೈಗೆ ಸುತ್ತುತ್ತಾ ನನ್ನ ಮೇಲೆ ಕಿರುಚಿದಳು: "ಹುಡುಕೋ! ಹೊಟ್ಟಿನಲ್ಲೇ ಇರುತ್ತೆ, ಹುಡುಕೋ!" ಮರದ ಹೊಟ್ಟು ರಕ್ತ ಕುಡಿದು ಕಲಸಿದ ಹಿಟ್ಟಿನಂತಾಗಿತ್ತು. ಅದರೊಳಗೆ ಕೈ ಹಾಕಿ ನನ್ನ ಭಾವನ ಬೆರಳುಗಳನ್ನು ಹೆಕ್ಕಿದವನು ನಾನು. ಅಧಿಕಾರಿಗಳೇ, ಅದು ಮಿಲ್ಲಿನ ಕೆಲಸವೋ, ಮನೆಯ ಕೆಲಸವೋ? ನಿಮ್ಮ ನಿಯಮದಲ್ಲಿ ಹುಡುಕಿ ಹೇಳಿ.

ಆಸ್ಪತ್ರೆಯಲ್ಲಿ ಒಂದೇ ಒಂದು ಬೆರಳನ್ನು ಹೊಲಿದು ಉಳಿಸಿದರು. ಅದೂ ಕೊಕ್ಕೆಯಂತೆ ಮಡಚಿ ಕೂತಿದೆ. ಇನ್ನೊಂದು ಶಸ್ತ್ರಚಿಕಿತ್ಸೆ ಆದರೆ ಬಿಚ್ಚಿಕೊಳ್ಳುತ್ತದೆ, ಹೆಬ್ಬೆರಳಿನ ಜೊತೆ ಸೇರಿ ಒಂದು ವಸ್ತುವನ್ನು ಹಿಡಿಯಬಹುದು ಎಂದಿದ್ದಾರೆ ವೈದ್ಯರು. ಆ ಖರ್ಚನ್ನು ವಿಮೆ ಕೊಡುತ್ತದೆ, ಆದರೆ ಕಂತು ತಪ್ಪಿದರೆ ಕೊಡುವುದಿಲ್ಲ. ನೀವು ಹೆಚ್ಚುವರಿ ತೆರಿಗೆ ಮತ್ತು ದಂಡ ಕೇಳಿರುವುದು ಇದೇ ತಿಂಗಳು, ಕಂತು ಕಟ್ಟಬೇಕಾದದ್ದೂ ಇದೇ ತಿಂಗಳು. ಎರಡಕ್ಕೂ ನಮ್ಮಲ್ಲಿಲ್ಲ. ನಿಮಗೆ ಕಟ್ಟಿದರೆ ಭಾವನ ಕೈ ಹೀಗೇ ಕೊಕ್ಕೆಯಾಗಿ ಉಳಿಯುತ್ತದೆ.

ಅದಕ್ಕೇ ಇಬ್ಬರೂ ನಿಮ್ಮ ಕಚೇರಿಗೆ ಬಂದೆವು. ಕೌಂಟರಿನ ಗುಮಾಸ್ತರು ಒಳ್ಳೆಯವರೇ. ಸಮಾಧಾನವಾಗಿ ವಿವರಿಸಿದರು.

"ನೋಡಿ, ಈ ಕಂತನ್ನ ನಿಮ್ಮ ಮಿಲ್ಲು ನಿಮಗೆ ಕೊಡ್ಬೇಕಿತ್ತು. ಅದನ್ನ ನೀವು ನಿಮ್ಮ ಆದಾಯ ಅಂತ ತೋರಿಸ್ಬೇಕಿತ್ತು. ಆಮೇಲೆ ಅದನ್ನೇ ಕಳೀಬಹುದಿತ್ತು."

"ಮಿಲ್ಲು ಅಂದ್ರೆ ನಾವಿಬ್ರೇ ಅಲ್ವಾ ಸಾರ್?" ಎಂದೆ ನಾನು.

"ಹೌದು."

"ಅಂದ್ರೆ ನನ್ನ ಈ ಜೇಬಿಂದ ಈ ಜೇಬಿಗೆ ಹಾಕ್ಕೊಂಡಿದ್ರೆ ಸರಿಯಿತ್ತು?" ಎಂದು ಅಂಗಿಯ ಎರಡೂ ಜೇಬು ಮುಟ್ಟಿ ತೋರಿಸಿದೆ.

"ಹಾಗೇ ಅಂದ್ಕೊಳ್ಳಿ." ಆಮೇಲೆ ದನಿ ತಗ್ಗಿಸಿದರು. "ಈಗಲೂ ಏನಾಗಿಲ್ಲ. ಮಿಲ್ಲು ಕೊಟ್ಟಿದೆ ಅಂತ ಹಳೇ ತಾರೀಖು ಹಾಕಿ ಒಂದು ಚೀಟಿ ಬರ್ಕೊಂಡು ಬನ್ನಿ. ಮಿಲ್ಲಿನ ಪರವಾಗಿ ಈ ಅಣ್ಣಾವ್ರ ಒಂದು ಸಹಿ ಸಾಕು."

ಭಾವ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಲಗೈಯನ್ನು ಕೌಂಟರಿನ ಮೇಲಿಟ್ಟ. "ಹಳೇ ತಾರೀಖಿಗೆ ಹಳೇ ಕೈ ಬೇಕಲ್ಲ ಸ್ವಾಮಿ. ಅದು ನನ್ನ ಹತ್ರ ಇಲ್ಲ."

ಗುಮಾಸ್ತರು ಮುಖ ತಿರುಗಿಸಿದರು. ಆಗ ಅವರ ಹಿಂದಿನ ಮೇಜಿನಿಂದ ಒಬ್ಬ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ, "ಎಡಗೈಲಿ ಗೀಚ್ಲಿ ಬಿಡ್ರೀ, ಯಾರು ನೋಡ್ತಾರೆ?" ಎಂದು ನಕ್ಕ. ಗಾಜು ಒಡೆದದ್ದು ಆಗ. ಅವನ ಹಲ್ಲು ಮುರಿಯಬೇಕೆಂದೇ ನುಗ್ಗಿದೆ, ಗಾಜು ಅಡ್ಡ ಬಂತು. ಸುಳ್ಳು ಹೇಳಿ ಏನು ಪ್ರಯೋಜನ? ನಿಮ್ಮ ಕಾವಲುಗಾರ ನನ್ನ ಎದೆಗೆ ಕೈ ಹಾಕಿ ಮೆಟ್ಟಿಲ ತನಕ ದರದರನೆ ಎಳೆದುಕೊಂಡು ಹೋದ. ಭಾವ ಹಿಂದಿನಿಂದ, "ಬಿಡ್ರಪ್ಪಾ, ಚಿಕ್ಕವನು" ಎನ್ನುತ್ತಾ ಆ ಕೊಕ್ಕೆ ಬೆರಳಿನಿಂದಲೇ ನನ್ನ ಅಂಗಿ ಹಿಡಿಯಲು ನೋಡುತ್ತಿದ್ದ. ಬೆರಳು ಹಿಡಿಯಲಿಲ್ಲ.

ನಾವು ಹಳೇ ತಾರೀಖಿನ ಚೀಟಿ ಬರೆಯುವುದಿಲ್ಲ. ಬೇಡಿಕೆ ಇದು: ದಂಡವನ್ನು ಹೊಡೆದುಹಾಕಿ. ಪಾಲುದಾರ ತನ್ನ ಜೇಬಿನಿಂದ ಕಟ್ಟಿದ ವಿಮೆಯನ್ನು ಅವನು ಕಟ್ಟಿದ್ದಾನೆಂದೇ ಒಪ್ಪಿಕೊಳ್ಳಿ. ಅದೂ ಈ ತಿಂಗಳೊಳಗೆ ಆಗಬೇಕು. ಆಗುವುದಿಲ್ಲ ಎನ್ನುವುದಾದರೆ ಅಂಚೆಯಲ್ಲಿ ಕಳಿಸಬೇಡಿ. ಮಿಲ್ಲಿಗೆ ಬನ್ನಿ, ಭಾವನ ಬಲಗೈ ಕುಲುಕಿ, ಅವನ ಮುಖ ನೋಡಿ ಹೇಳಿ.

ಇನ್ನು ನಿಮ್ಮ ಗಾಜು. ಒಡೆದದ್ದು ನಾನು, ದುಡ್ಡು ಕೊಡಬೇಕಾದವನೂ ನಾನು. ಆದರೆ ಮಿಲ್ಲಿನ ಕೆಲಸಕ್ಕೆ ಬಂದಾಗ ಒಡೆದದ್ದರಿಂದ ಎಡ ಜೇಬಿನಿಂದ ಕೊಡಬೇಕು. ಆ ಜೇಬು ಎಳೆದಾಟದಲ್ಲಿ ಕಿತ್ತುಕೊಂಡು ನಿಮ್ಮ ಕಾವಲುಗಾರನ ಕೈಯಲ್ಲೇ ಉಳಿದಿದೆ. ಅದನ್ನು ಕಳಿಸಿಕೊಡಿ. ಅಕ್ಕ ಹೊಲಿದುಕೊಟ್ಟ ಮೇಲೆ ಕೊಡುತ್ತೇನೆ.

ಇಂತಿ,
ಸದ್ಯಕ್ಕೆ ಮನೆ ಜೇಬೊಂದೇ ಉಳಿದಿರುವ
ಒಬ್ಬ ಪಾಲುದಾರ