ಗುಳ್ಳೆಯಿಲ್ಲದ ಗಾಜು

ಮೌನಪ್ಪಣ್ಣ,

ಕೆಲಸ ಬಿಟ್ಟು ನೀವು ಎಲ್ಲಿಗೆ ಹೋದಿರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ಇದನ್ನು ಕಳಿಸುವುದಿಲ್ಲ.

ಇವತ್ತು ಸನತ್‌ನಗರದ ನಮ್ಮ ಗಾಜಿನ ಕಾರ್ಖಾನೆಗೆ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಿಂದ ಶೀತಲ ಎಂಬ ಬೀದರಿನ ಹುಡುಗಿ ಬಂದಿದ್ದಳು. ಆಫೀಸಿಗೆ ತೂಗುದೀಪದ ಗಾಜು ಬೇಕಿತ್ತು. ನಯವಾದವನ್ನು ತೋರಿಸಿದೆ.

“ಇವು ಮಶೀನಿನ್ವು ಇದ್ದಂಗ ಕಾಣ್ತಾವ್ರಿ ಅಕ್ಕಾ. ಒಳಗ ಗುಳ್ಳಿ ಇದ್ದವು ಕೊಡ್ರಿ. ಬಾಯಿಲೆ ಊದ್ಯಾರ ಅಂತ ಗೊತ್ತಾಗಬೇಕು.”

ತಪಾಸಣೆಯ ಮೇಜಿನಲ್ಲಿ ಕೂತು, ನೀವು ಊದಿದ್ದರಲ್ಲಿ ಗುಳ್ಳೆ ಕಂಡಾಗಲೆಲ್ಲ ಒಡೆಸಿ ಮತ್ತೆ ಭಟ್ಟಿಗೆ ಹಾಕಿಸಿದವಳು ನಾನೇ. ಅಂಥವು ಉಳಿದಿಲ್ಲವೆಂದೆ.

ಮನೆಗೆ ಬಂದು, ನನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ನೀವು ಊದಿಕೊಟ್ಟ ದೀಪದ ಗಾಜನ್ನು ಇಳಿಸಿ ಬೆಳಕಿಗೆ ಹಿಡಿದೆ. ಒಂದಾದರೂ ಗುಳ್ಳೆ ಸಿಕ್ಕೀತೆಂದು ಸುತ್ತಲೂ ತಿರುಗಿಸಿ ನೋಡಿದೆ. ಅದರಲ್ಲಿ ಒಂದೂ ಗುಳ್ಳೆಯಿಲ್ಲ.

ಶಿವದೇವಿ