ಬಿಟ್ಟುಹೋದ ಕಾಲಿಂಚು

ವಿಶ್ವವಿದ್ಯಾಲಯದ ಹಾಸ್ಟೆಲು, ಮೂರನೇ ಮಹಡಿ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಾತಿಗೆ ಕೇಳುತ್ತಿಲ್ಲ, ಉತ್ತರ ಬೇಕು. ದಾರ ಪೋಣಿಸುವಾಗ ತಲೆ ಭಾರವಾಗುತ್ತದೆ, ಕನ್ನಡಕ ಬದಲಾಯಿಸಬೇಕು ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ಅದರ ಕೆಳಗೇ, ಬಿ.ಪಿ. ಮಾತ್ರ ನೀನು ಹೇಳಿದ ನೂರಾ ನಲವತ್ತೇ, ಮಾತ್ರೆಯ ಮಾತೆತ್ತಬೇಡ ಎಂದು ಗೆರೆ ಎಳೆದು ಬರೆದಿದ್ದಿರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಮ್ಮನ ಮಂಡಿನೋವು ಹೇಗಿದೆ? ಅಂಗಿಗಳಿಗೆ ಗುಂಡಿಯ ಕಾಜ ಹಾಕಲು ನೆಲದ ಮೇಲೆ ಕೂರುವುದು ಬೇಡ ಅನ್ನಿ.

ನಾನು ಚೆನ್ನಾಗಿದ್ದೇನೆ. ನಿಮ್ಮ ನರ್ಸ್ ಮಗಳು ಅಲ್ಲಿ ಏನು ಕಲಿಯುತ್ತಿದ್ದಾಳೆ ಎಂದು ಅಂಗಡಿಗೆ ಬಂದವರು ಕೇಳಿದರೆ ಹೀಗೆ ಹೇಳಿ: ನಮ್ಮ ಆಸ್ಪತ್ರೆಯ ಕಾಲೇಜೂ ಇಲ್ಲಿಯ ವಿಶ್ವವಿದ್ಯಾಲಯವೂ ಕೈಜೋಡಿಸಿವೆ. ಬಿ.ಪಿ., ಸಕ್ಕರೆ ಕಾಯಿಲೆಯಂಥ, ಒಮ್ಮೆ ಬಂದರೆ ಬಿಟ್ಟುಹೋಗದ ರೋಗಗಳು ಯಾರಿಗೆ, ಯಾಕೆ ಬರುತ್ತವೆ ಎಂದು ಎರಡೂ ದೇಶಗಳಲ್ಲಿ ಸಾವಿರಾರು ಜನರನ್ನು ಹತ್ತು ವರ್ಷ ಗಮನಿಸುತ್ತಾರೆ. ಎರಡೂ ಕಡೆ ಒಂದೇ ಥರ ಅಳೆಯಬೇಕು. ಅದನ್ನು ಕಲಿಯಲು ನಮ್ಮಲ್ಲಿ ಐದು ಜನ ನರ್ಸುಗಳನ್ನು ಕರೆಸಿಕೊಂಡಿದ್ದಾರೆ; ಕಲಿತು ಬಂದು ಅಲ್ಲಿಯವರಿಗೆ ನಾವು ಕಲಿಸಬೇಕು. ಬಿ.ಪಿ. ನೋಡುವುದನ್ನು ಕಲಿಯಲು ಸಮುದ್ರ ದಾಟಬೇಕಿತ್ತೇ ಎಂದು ನೀವು ನಗುವುದು ಇಲ್ಲಿಗೇ ಕೇಳಿಸುತ್ತಿದೆ.

ಕಲಿಸುವವರು ಒಬ್ಬರು ನರೆಗೂದಲಿನ ಪ್ರೊಫೆಸರು. ನಾವಿಟ್ಟ ಹೆಸರು ಐದು ನಿಮಿಷದ ಮೇಡಂ. ತೋಳಿಗೆ ಪಟ್ಟಿ ಸುತ್ತುವ ಮೊದಲು ಐದು ನಿಮಿಷ ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ತುಟಿ ಪಿಟಕ್ಕೆನ್ನದೆ ಕೂರಬೇಕು. ನಾವು ಒಬ್ಬರಿಗೊಬ್ಬರು ಅಳೆದುಕೊಳ್ಳುವುದರಿಂದ ದಿನಕ್ಕೆ ನಾಲ್ಕೈದು ಸಲ ಆ ಕುರ್ಚಿ ನನಗೂ ಸಿಗುತ್ತದೆ. ಕಿಟಕಿಯ ಬಿಳಿ ಪರದೆ ಉಬ್ಬುತ್ತದೆ, ಇಳಿಯುತ್ತದೆ. ಎರಡನೇ ನಿಮಿಷಕ್ಕೆ ಕೋಣೆ ಮೆಲ್ಲನೆ ಕರಗಿ, ಎಲ್ಲೋ ನಿಮ್ಮ ಹೊಲಿಗೆ ಮಿಷನ್ನಿನ ಸದ್ದು ಶುರುವಾಗುತ್ತದೆ; ಇಸ್ತ್ರಿಯ ಬಿಸಿಗೆ ಒದ್ದೆ ಬಟ್ಟೆಯ ವಾಸನೆ ಏಳುತ್ತದೆ. ನಾನು ಎಂಟು ವರ್ಷದವಳಾಗಿ ಮೇಜಿನ ಕೆಳಗೆ ಬಟ್ಟೆ ಚೂರುಗಳ ನಡುವೆ ಮಲಗಿರುತ್ತೇನೆ. ನೀವು ಮೇಲಿಂದ ಅಳತೆ ಕೂಗುತ್ತೀರಿ, ನಾನು ಬರೆದುಕೊಳ್ಳುತ್ತೇನೆ. ಎದೆ, ತೋಳು, ಕತ್ತು. ಬ್ಯಾಂಡಿನ ಮೇಷ್ಟ್ರ ಕತ್ತು ಹದಿನಾರೂ ಕಾಲು ಎಂದು ನೀವು ಕೂಗಿದರೆ ನಾನು ಹದಿನಾರು ಎಂದು ಗೀಚಿದ್ದು, ಅವರು ಆ ಅಂಗಿಯ ಗುಂಡಿ ಹಾಕಿಕೊಂಡು ಕಹಳೆ ಊದಲಾಗದೆ ಕೆಂಪಗಾದದ್ದು, ಅಂದಿನಿಂದ ನಾನು ಎಲ್ಲರ ಬಾಯಲ್ಲೂ ‘ಕಾಲಿಂಚು’ ಆದದ್ದು ಎಲ್ಲ ಅಲ್ಲಿ ಇನ್ನೊಮ್ಮೆ ನಡೆಯುತ್ತದೆ. ನೀವು ಬೈಯಲಿಲ್ಲ. “ಮೈ ಎಷ್ಟಿದೆಯೋ ಅಷ್ಟು ಬರಿ ಮಗಾ, ನಿನಗೆ ಸಲೀಸಾಗೋವಷ್ಟಲ್ಲ” ಅಂದಿರಿ. ಅಷ್ಟರಲ್ಲಿ ಮೇಡಂ ಭುಜ ಮುಟ್ಟುತ್ತಾರೆ, ನಾನು ಈ ದೇಶಕ್ಕೆ ವಾಪಸ್ಸು ಬರುತ್ತೇನೆ.

ಹೋದ ಬುಧವಾರ ಮೇಡಂ ನಾವು ತಿಂಗಳಿಡೀ ಅಳೆದ ಅಂಕಿಗಳನ್ನೆಲ್ಲ ಗೋಡೆಗೆ ಅಂಟಿಸಿದರು. ನಮ್ಮದು ಮುಳ್ಳಿನ ಯಂತ್ರ, ಎರಡೆರಡಕ್ಕೆ ಒಂದು ಗೆರೆ. ಹಾಗಾಗಿ ಐದರಲ್ಲಿ ಒಂದು ಅಂಕಿ ಸೊನ್ನೆಯಲ್ಲಿ ಮುಗಿದರೆ ಸಹಜ. ನನ್ನದು ಹತ್ತರಲ್ಲಿ ಎಂಟು ಸೊನ್ನೆ. ನೀನು ಅಳೆದವರ ರಕ್ತವೆಲ್ಲ ಹತ್ತರ ಮಗ್ಗಿ ಕಲಿತಿದೆಯೇ ಎಂದು ಮೇಡಂ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಸ್ಪತ್ರೆಯಲ್ಲಿ ಎಪ್ಪತ್ತು ಜನ ಸಾಲು ನಿಂತಿರುವಾಗ ಬಂದ ಚಾಳಿ ಅದು. ನೂರಾ ನಲವತ್ತಾರು ಎನ್ನುವುದಕ್ಕಿಂತ ನೂರಾ ನಲವತ್ತು ಎನ್ನುವುದು ಸಲೀಸು. ಆಮೇಲೆ ಅವರು ಮೆಲ್ಲಗೆ ಹೇಳಿದರು: ಹೀಗೆ ಬಿಟ್ಟ ನಾಲ್ಕು, ಆರರಲ್ಲೇ ಯಾರಿಗೋ ಸಿಗಬೇಕಾದ ಮಾತ್ರೆ ತಪ್ಪುತ್ತದೆ, ಅವರು ಯಾಕೆ ಬಿದ್ದುಹೋದರೆಂದು ಎರಡು ದೇಶದವರು ಸೇರಿ ಹುಡುಕಿದರೂ ಗೊತ್ತಾಗುವುದಿಲ್ಲ. ನನ್ನ ನಗು ಅಲ್ಲೇ ನಿಂತಿತು. ಆ ದಿನ ಕುರ್ಚಿಯಲ್ಲಿ ಕೂತರೆ ಮಿಷನ್ನಿನ ಸದ್ದು ಬರಲೇ ಇಲ್ಲ. ನಮ್ಮ ಮನೆಯ ಭಾನುವಾರಗಳು ಬಂದವು. ಅಂಗಿ ತೋಳು ಮಡಚಿ ಕೈ ಚಾಚಿಕೊಂಡು, ನೂರೈವತ್ತು ದಾಟಿದರೆ ಮಾತ್ರೆ ನುಂಗುತ್ತೇನೆ, ಅಲ್ಲಿವರೆಗೆ ನನ್ನ ತಂಟೆಗೆ ಬರಬೇಡಿ ಎಂದು ನೀವು ಅಮ್ಮನಿಗೂ ನನಗೂ ಕರಾರು ಹಾಕುತ್ತಿದ್ದುದು. ನಾನು ಮುಳ್ಳು ನೋಡುತ್ತಿದ್ದುದು.

ಈಗ ಬಿಸಿಲು ಈ ಹಾಳೆಯ ಮೇಲೆ ನಿಧಾನವಾಗಿ ಸರಿಯುತ್ತಿದೆ, ನಿಮ್ಮ ಸೀಮೆಸುಣ್ಣದ ಗೆರೆಯ ಹಾಗೆ ನೆಟ್ಟಗೆ. ನಿಮ್ಮನ್ನು ನೋಡಬೇಕೆನಿಸುತ್ತಿದೆ. ಅಮ್ಮನಿಗೆ ನನ್ನ ಪ್ರೀತಿ, ಅಂಗಡಿಯ ದೊಡ್ಡ ಕತ್ತರಿಗೂ ಒಂದು ನಮಸ್ಕಾರ.

ನಿಮ್ಮಿಬ್ಬರ ಆಶೀರ್ವಾದ ಬೇಡುವ,
ಕಾಲಿಂಚು

ತಾ.ಕ.: ನಮ್ಮ ಐವರಲ್ಲಿ ಒಬ್ಬಳು ರಜೆಗೆ ಊರಿಗೆ ಹೊರಟಿದ್ದಾಳೆ, ಟ್ಯಾಕ್ಸಿ ಕೆಳಗೆ ನಿಂತಿದೆ, ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅಪ್ಪಾ, ಫೋನಿನಲ್ಲಿ ಮೂರು ಸಲ ಬಾಯಿ ತೆರೆದೆ, ನೀವು ಮಾತಾಡುತ್ತಲೇ ಇದ್ದಿರಿ. ನನಗೂ ಅದೇ ಬೇಕಿತ್ತು. ನಾನು ಹೊರಡುವ ಹಿಂದಿನ ಭಾನುವಾರ ನಿಮ್ಮದು ನೂರಾ ನಲವತ್ತು ಇರಲಿಲ್ಲ. ನೂರಾ ಅರವತ್ತೆಂಟು. ಎರಡು ಸಲ ನೋಡಿದೆ. ಮೊದಮೊದಲು ಆರು, ಎಂಟು ಬಿಟ್ಟದ್ದು ಚಾಳಿಯಿಂದ. ಇದು ಚಾಳಿಯಲ್ಲ. ನಿಜ ಹೇಳಿದ್ದರೆ ನಿಮ್ಮನ್ನು ಬಿಟ್ಟು ವಿಮಾನ ಹತ್ತಲು ನನ್ನಿಂದ ಆಗುತ್ತಿರಲಿಲ್ಲ, ನನಗೆ ಇಲ್ಲಿಗೆ ಬರಬೇಕಿತ್ತು. ತಪ್ಪಾಯಿತು. ತಲೆಭಾರ ಕನ್ನಡಕದ್ದು ಅಂತ ಸುಮ್ಮನಿರಬೇಡಿ. ಪತ್ರ ತಂದವಳ ಚೀಲದಲ್ಲಿ ಯಂತ್ರವಿದೆ. ಅವಳು ಎಷ್ಟು ಹೇಳುತ್ತಾಳೋ ಅಷ್ಟೇ ನಿಮ್ಮ ಅಳತೆ. ಅದನ್ನು ಹಿಡಿದು ಇವತ್ತೇ ಡಾಕ್ಟರ ಹತ್ತಿರ ಹೋಗಿ. ನನ್ನನ್ನು ಬೈಯುವುದೆಲ್ಲ ಆಮೇಲೆ. ಈಗ ಕತ್ತಿನಿಂದ ಟೇಪು ತೆಗೆದಿಟ್ಟು, ಕುರ್ಚಿಗೆ ಬೆನ್ನು ಆನಿಸಿ, ಐದು ನಿಮಿಷ ಏನೂ ಮಾತಾಡದೆ ಕೂತಿರಿ.